ಕಾಲಿನಿಂದ ಒತ್ತುವ ವಾದ್ಯ

ಆ ಡಬ್ಬಿಯನ್ನು ಕಂಡ ಮೊದಲ ದಿನವೇ ನೀಲಪ್ಪನಿಗೆ ಅದರ ಮೇಲೆ ತಾತ್ಸಾರ ಹುಟ್ಟಿತು. ಹುಟ್ಟದೆ ಇನ್ನೇನಾದೀತು? ವಾದ್ಯ ಅಂದಮೇಲೆ ತಂತಿಯಿರಬೇಕು, ಇಲ್ಲವೇ ಚರ್ಮವಿರಬೇಕು, ಅದೂ ಇಲ್ಲದಿದ್ದರೆ ಊದಲು ಒಂದು ತೂತಾದರೂ ಇರಬೇಕು. ಇದಕ್ಕೆ ಮೂರೂ ಇರಲಿಲ್ಲ. ತಗಡಿನ ಊಟದ ಡಬ್ಬಿಯಂಥದೊಂದು ಪದಾರ್ಥ, ಮೈಮೇಲೆ ರೇಡಿಯೋಕ್ಕಿರುವಂಥ ತಿರುಗಿಸುವ ಗುಂಡಿಗಳು, ತುದಿಯಲ್ಲಿ ಕಾಲಿನಿಂದ ಒತ್ತುವ ಇನ್ನೊಂದು ಗುಂಡಿ. ವಾದ್ಯಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಂಡು ತಪ್ಪಾಯಿತು ಅನ್ನುವ ನಾಡಿಗೆ ಬೇಕೆಂದೇ ಒದೆಯುವ ವಾದ್ಯವನ್ನು ತಂದಿದ್ದ ಪುಣ್ಯಾತ್ಮ ಶಿಗ್ಗಾಂವಿಯ ಮಹಾಲಿಂಗಪ್ಪ.

ಮಹಾಲಿಂಗಪ್ಪ ದಲಾಲಿ ಅಂಗಡಿಯವರ ಮಗ. ಅಪ್ಪ ಗಳಿಸಿದ್ದನ್ನು ಕರಗಿಸಲು ಇಸ್ಪೀಟು ನೋಡಿದ, ಮೋಟಾರ್ ಸೈಕಲ್ಲು ನೋಡಿದ, ಎರಡೂ ಬೇಸರವಾದ ಮೇಲೆ ಆರ್ಕೆಸ್ಟ್ರಾ ಕಟ್ಟಿದ. ಶ್ರುತಿ ಎಂದರೆ ಯಾರ ಮಗಳು ಎಂದು ಕೇಳುವ ಗಿರಾಕಿ. ಆದರೆ ಮೆಟಡೋರ್ ಅವನದು, ಮೈಕು ಅವನದು, ಹಾಗಾಗಿ ಸಂಗೀತವೂ ಅವನದೇ ಆಗಿತ್ತು.

ನೀಲಪ್ಪ ಆ ಆರ್ಕೆಸ್ಟ್ರಾದ ಬೇಸ್ ಗಿಟಾರಿನವನು. ಬೇರೆ ದಿನ ಅಕ್ಕಿಆಲೂರಿನ ರೈಸ್ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ, ಮದುವೆಗಳ ಕಾಲ ಬಂದರೆ ಗಿಟಾರು ಹಿಡಿಯುತ್ತಿದ್ದ. ಹುಟ್ಟಿದ ಊರು ಅಬಲೂರು. ಅಲ್ಲಿ ಅವನ ಅಪ್ಪ ಉಡಚಪ್ಪ ಹಲಗೆ ಬಾರಿಸುತ್ತಿದ್ದ. ಮದುವೆಯಾಗಲಿ, ಹೆಣವಾಗಲಿ, ಕಟ್ಟೆಯ ಮೇಲೆ ಕೂತವರು ಯಾರಾದರೂ "ಉಡಚ್ಯಾ, ಬಾರಿಸೋ" ಎಂದರೆ ಉಣ್ಣುತ್ತಿದ್ದವನು ಕೈ ತೊಳೆದು ಎದ್ದು ಬಿಡಬೇಕು. ಸಾಕು ಅನ್ನುವವರೆಗೆ ಕೈ ನಿಲ್ಲುವಂತಿಲ್ಲ. ಒಮ್ಮೊಮ್ಮೆ ಸಾಕು ಅನ್ನುವುದನ್ನೇ ಮರೆತು ಅವರು ಮನೆಗೆ ಹೋಗಿರುತ್ತಿದ್ದರು. ಅದನ್ನು ನೋಡುತ್ತ ಬೆಳೆದ ನೀಲಪ್ಪನಿಗೆ ಹೊಟ್ಟೆಯೊಳಗೆ ಕೆಂಡ. ಅಪ್ಪ ತೀರಿಕೊಂಡ ಮೇಲೆ ಅವ್ವ ಗುತ್ತೆವ್ವನನ್ನು ಕರೆದುಕೊಂಡು ಆ ಊರು ಬಿಟ್ಟು ಅಕ್ಕಿಆಲೂರು ಸೇರಿದ. ಸವಣೂರಿನ ಬ್ಯಾಂಡ್ ಮಾಸ್ತರರೊಬ್ಬರ ಬೆನ್ನುಹತ್ತಿ ಗಿಟಾರು ಕಲಿತ. ಅವನ ಹಟ ಒಂದೇ: ತನಗೆ ಯಾರೂ 'ಬಾರಿಸೋ' ಅನ್ನಬಾರದು. ಎಲ್ಲಿ ಬಾರಿಸಬೇಕು, ಎಲ್ಲಿ ಬಿಡಬೇಕು ಅನ್ನುವುದನ್ನು ಹಾಡು ಹೇಳಲಿ, ಮನುಷ್ಯರು ಹೇಳುವುದು ಬೇಡ.

ಅಂಥವನ ಕಾಲಬುಡಕ್ಕೆ ಆ ಡಬ್ಬಿ ಬಂತು. ಎಂಬತ್ತಮೂರನೆಯ ಇಸವಿ, ಮಹಾನವಮಿಗೆ ಇನ್ನೇನು ವಾರವಿತ್ತು. ದಲಾಲಿ ಅಂಗಡಿಯ ಗೋದಾಮಿನಲ್ಲಿ, ಜೋಳದ ಚೀಲಗಳ ನಡುವೆ ತಾಲೀಮು.

"ನಮ್ಮ ಮಾವ ಮುಂಬೈದಿಂದ ತಂದಾನ," ಎಂದ ಮಹಾಲಿಂಗಪ್ಪ. "ಸಿಂಥಸೈಜರ್ ಅಂತಾರ ಇದಕ್ಕ. ಬೇಸ್ ಗಿಟಾರಿಗೇ ಅಂತ ಮಾಡಿದ್ದು. ಎಂಥಾ ದನಿ ಬೇಕಂದ್ರ ಅಂಥಾ ದನಿ ಬರತೈತಿ."

ಹೀಗೆಂದು ತಾನೇ ಬೂಟುಗಾಲಿನಿಂದ ಒತ್ತಿದ. ಕೆಂಪು ಬಲ್ಬೊಂದು ಹೊತ್ತಿತು, ಅಷ್ಟೆ. ಮತ್ತೆ ಒತ್ತಿದ, ಆರಿತು. ಗೋದಾಮಿನಲ್ಲಿ ಇಲಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

"ಯಾಕ ಬರವಲ್ದಲ್ಲೋ?"

"ಗಿಟಾರಿನ ವಾಯರ್ ಅದರಾಗ ಹಾಯಿಸಬೇಕೇನೋ ರೀ," ಎಂದು ನೀಲಪ್ಪ ವಾಯರನ್ನು ಡಬ್ಬಿಗೆ ಸಿಕ್ಕಿಸಿ, ಬಲ್ಬು ಹೊತ್ತಿಸಿ, ದಪ್ಪ ತಂತಿಯನ್ನು ಒಮ್ಮೆ ಮೀಟಿದ.

ನೆಗಡಿಯಾದ ಎಮ್ಮೆ ಆಕಳಿಸಿದ ಹಾಗೆ ಒಂದು ಸದ್ದು ಬಂತು. ಒಂದು ಗುಂಡಿ ತಿರುಗಿಸಿದರೆ ಎಣ್ಣೆ ಕಾಣದ ಚಕ್ಕಡಿ, ಇನ್ನೊಂದು ತಿರುಗಿಸಿದರೆ ಬೀಗರೂಟ ಮುಗಿಸಿದವನ ತೇಗು. ನೀಲಪ್ಪನಿಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ಒಂದು ಸ್ವರ ಗುಂಡಗೆ, ಸ್ವಚ್ಛವಾಗಿ ಬರಲೆಂದು ಅವನು ಬೆರಳ ತುದಿ ಒಡೆಯುವವರೆಗೆ ತಿಕ್ಕಿದ್ದ. ಈ ಡಬ್ಬಿ ಆ ಸ್ವರವನ್ನು ಬಾಯಿಗೆ ಹಾಕಿಕೊಂಡು, ಅಗಿದು, ಮುಖಕ್ಕೆ ಉಗುಳುತ್ತಿತ್ತು. ಸ್ವಂತದ್ದೊಂದು ದನಿಯಿಲ್ಲ, ಇನ್ನೊಬ್ಬರ ದನಿ ಕೆಡಿಸುವುದೊಂದೇ ಕಸುಬು. ಇಂಥ ಮನುಷ್ಯರನ್ನು ಅವನು ಬೇಕಾದಷ್ಟು ಕಂಡಿದ್ದ, ಡಬ್ಬಿಯನ್ನು ಕಂಡಿದ್ದು ಅದೇ ಮೊದಲು.

"ಹ್ಯಾಂಗೈತಿ?"

"ಎಮ್ಮಿಗೆ ನೆಗಡಿ ಆಗೇತ್ರಿ."

ಮಹಾಲಿಂಗಪ್ಪ ತೊಡೆ ತಟ್ಟಿ ನಕ್ಕ. "ಭೇಷ್! ಅದ ಬೇಕು. ಮಂದಿ ಹುಚ್ಚಾಗತಾರ." ಬೈಗುಳವನ್ನೂ ಹೊಗಳಿಕೆ ಎಂದುಕೊಳ್ಳುವವನ ಮುಂದೆ ಏನು ಹೇಳಿ ಏನು ಉಪಯೋಗ ಎಂದು ನೀಲಪ್ಪ ವಾಯರು ಸುತ್ತಿಟ್ಟ.

ಮಹಾನವಮಿಯ ದಿನ ಮಹಾಲಿಂಗಪ್ಪನ ತಾಯಿ ಹೊನ್ನವ್ವ ತಕ್ಕಡಿ, ತೂಕದ ಕಲ್ಲುಗಳ ಪಕ್ಕದಲ್ಲೇ ಆರ್ಕೆಸ್ಟ್ರಾದ ಸಾಮಾನುಗಳನ್ನೂ ಸಾಲಾಗಿ ಇಟ್ಟು ಪೂಜೆ ಮಾಡಿದರು. ಮುಂಬೈಯ ಡಬ್ಬಿಗೆ ವಿಶೇಷ ಮರ್ಯಾದೆ. ಮೂರು ಬೆರಳಿನ ವಿಭೂತಿ, ಎಣ್ಣೆಯಲ್ಲಿ ಕಲಸಿದ ದಪ್ಪ ಕುಂಕುಮ, ಮೇಲೊಂದು ಚೆಂಡು ಹೂವು. ಕಾಯಿಯನ್ನು ಅದರ ಮುಂದೆಯೇ ಒಡೆದರು. ಕಾಯಿಯ ನೀರು ಸಿಡಿದು ಗುಂಡಿಗಳ ಸಂದಿಗೆ ಇಳಿಯಿತು. ಅಂದಿನಿಂದ ಗುಂಡಿಗಳು ಅಂಟಿಕೊಂಡು ತಿರುಗುವುದನ್ನೇ ಬಿಟ್ಟವು. ಚಕ್ಕಡಿ ಹೋಯಿತು, ತೇಗು ಹೋಯಿತು, ಉಳಿದದ್ದು ಎಮ್ಮೆ ಒಂದೇ.

ಪೂಜೆ ಮುಗಿದು ತಾಲೀಮಿಗೆ ಕೂತಾಗ ಹೊಸ ಪಂಚಾಯಿತಿ ಎದ್ದಿತು. ವಿಭೂತಿ ಹಚ್ಚಿದ್ದನ್ನು ತುಳಿಯುವವರು ಯಾರು? ಡ್ರಮ್ಮಿನವನು ಕಣ್ಣು ಬೇರೆ ಕಡೆ ಹೊರಳಿಸಿದ. ಒರೆಸೋಣ ಅಂದರೆ ಅಪಶಕುನ ಎಂದು ಮಹಾಲಿಂಗಪ್ಪ ಒಪ್ಪಲಿಲ್ಲ. ಬೂಟು ಕಳಚಿ ತಾನೇ ಒತ್ತಲೂ ಇಲ್ಲ.

"ನೀಲಪ್ಪ, ನೀ ಒತ್ತು. ನಿಮಗೇನಾಗತೈತಿ," ಎಂದ.

ಪಾಪ ಬರುವ ಕೆಲಸವಿದ್ದರೆ ಅದು ಯಾರ ಕೇರಿಗೆ ಹೋಗುತ್ತದೆ ಅನ್ನುವುದು ನೀಲಪ್ಪನಿಗೆ ಹೊಸದಲ್ಲ. ಚಪ್ಪಲಿ ಬಿಟ್ಟು ಬರಿಗಾಲಿನಿಂದ ಒತ್ತಿದ. ಆದರೆ ಅವ್ವ ಕಲಿಸಿದ ಬುದ್ಧಿ ಎಲ್ಲಿಗೆ ಹೋದೀತು? ಒತ್ತಿದ ಮರುಗಳಿಗೆ ಅವನಿಗೇ ಗೊತ್ತಿಲ್ಲದಂತೆ ಬಗ್ಗಿ, ಡಬ್ಬಿ ಮುಟ್ಟಿ, ಕಣ್ಣಿಗೊತ್ತಿಕೊಂಡ. ಎಲ್ಲರೂ ನಕ್ಕರು. ಇಂಥ ದರಿದ್ರದ ಡಬ್ಬಿಗೆ ಕೈಮುಗಿದೆನಲ್ಲ ಎಂದು ನೀಲಪ್ಪನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮತ್ತೆಂದೂ ಅದಕ್ಕೆ ಬಗ್ಗಲಿಲ್ಲ.

ಆ ವರ್ಷದ ಮದುವೆಗಳಲ್ಲಿ ಎಮ್ಮೆಗೆ ಇನ್ನಿಲ್ಲದ ಬೇಡಿಕೆ. ಅಮಾವಾಸ್ಯೆಗೊಮ್ಮೆ ಹೊನ್ನವ್ವ ಡಬ್ಬಿಗೆ ವಿಭೂತಿ, ಕುಂಕುಮ ಹೊಸದಾಗಿ ಹಚ್ಚುತ್ತಿದ್ದರು. ಪ್ರೇಮಗೀತೆಯ ನಡುವೆ ಮಹಾಲಿಂಗಪ್ಪ ಕೈ ಎತ್ತಬೇಕು, ನೀಲಪ್ಪ ಡಬ್ಬಿ ಒತ್ತಿ ತಂತಿ ಮೀಟಬೇಕು, ಎಮ್ಮೆ ಆಕಳಿಸಬೇಕು. ಹಾಡುವ ಹುಡುಗಿಯ ಗಂಟಲು ಹಾಳಾಗಲಿ, ರಾಗ ಹಾಳಾಗಲಿ, ಮಂದಿ ಬಿದ್ದು ಬಿದ್ದು ನಗುತ್ತಿತ್ತು. ನಗುವ ಮಂದಿಯನ್ನು ನೀಲಪ್ಪ ಮೇಲಿನಿಂದ ನೋಡುತ್ತಿದ್ದ. ಹಂದಿಗೇನು ಗೊತ್ತು ಗಂಧದ ವಾಸನೆ ಅಂದುಕೊಳ್ಳುತ್ತಿದ್ದ. ಆದರೆ ಕೈ ಎತ್ತಿದಾಗೆಲ್ಲ ಮೀಟುವವನು ತಾನೇ ಅನ್ನುವುದೂ ಅವನಿಗೆ ಗೊತ್ತಿತ್ತು. ಅಪ್ಪನಿಗೆ ಬಾಯಲ್ಲಿ ಹೇಳುತ್ತಿದ್ದರು, ತನಗೆ ಕೈಯಲ್ಲಿ ಹೇಳುತ್ತಿದ್ದಾರೆ. ಈ ವಿಚಾರ ಬಂದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ವೈಶಾಖದಲ್ಲಿ ಅಬಲೂರಿನಿಂದ ಕರೆ ಬಂತು. ದೊಡ್ಡ ಹೊಲಮನೆಯ ಪರಮೇಶಪ್ಪನವರ ಮಗಳ ಮದುವೆ. ಉಡಚಪ್ಪನನ್ನು ಊಟದಿಂದ ಎಬ್ಬಿಸುತ್ತಿದ್ದ ಕಟ್ಟೆ ಅವರದೇ.

"ಆ ಊರಿಗ್ಯಾಕ ಹೊಂಟೀಯೋ?" ಎಂದಳು ಗುತ್ತೆವ್ವ.

"ಪ್ಯಾಂಟ್ ಹಾಕ್ಕೊಂಡು ಸ್ಟೇಜಿನ ಮ್ಯಾಲ ನಿಂದ್ರತೇನವ್ವ. ಯಾರು ಏನಂತಾರ?"

ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದು, ಊಟವಾಗಿ, ಮಧ್ಯಾಹ್ನದ ಹಂದರದಲ್ಲಿ ಹಾಡು ಶುರುವಾಯಿತು. ಎಮ್ಮೆ ಒಮ್ಮೆ ಆಕಳಿಸಿದ್ದೇ ತಡ, ಹಂದರವೆಲ್ಲ ಕೇಕೆ. ಪರಮೇಶಪ್ಪನವರು ಮುಂದಿನ ಕುರ್ಚಿಯಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದರು. ಕಣ್ಣು ಕಿರಿದು ಮಾಡಿ ನೋಡಿದರು.

"ನೀ ಉಡಚನ ಮಗ ಅಲ್ಲೇನೋ?"

"ಹೌದ್ರಿ."

"ಹಂಗಾರ ಸರಿ. ಆ ಎಮ್ಮಿ ಇನ್ನೊಮ್ಮೆ ಬರ್ಲಿ. ಬಾರಿಸೋ."

ಮಹಾಲಿಂಗಪ್ಪ ಕೈ ಎತ್ತಿದ. ನೀಲಪ್ಪ ಮೀಟಲಿಲ್ಲ. ಹಾಡುವ ಹುಡುಗಿ ಹಾಡು ನಿಲ್ಲಿಸಿದಳು.

"ಬಾರಿಸೋ ಅಂದ್ರ ಕೇಳಸವಲ್ದೇನು?" ಎನ್ನುತ್ತ ಪರಮೇಶಪ್ಪನವರು ಎದ್ದು ಸ್ಟೇಜು ಹತ್ತಿದರು. ಸ್ಟೇಜೇನು ಎತ್ತರವಿರಲಿಲ್ಲ.

ನೀಲಪ್ಪ ಡಬ್ಬಿಯ ಕಡೆ ಬೆರಳು ಮಾಡಿದ. "ಇದು ಕಾಲ್ಲೆ ಒತ್ತೋದ್ರಿ, ಯಜಮಾನ್ರ. ಕಲಿಯೋದೇನಿಲ್ಲ. ನೀವ ಒತ್ರಿ."

ಎಲ್ಲರೂ ನೋಡುತ್ತಿದ್ದರು. ಹಿಂದೆ ಸರಿಯುವಂತಿಲ್ಲ. ಪರಮೇಶಪ್ಪನವರು ಜೀರ್‌ಗುಟ್ಟುವ ಚಪ್ಪಲಿಯಿಂದಲೇ ಒತ್ತಿದರು. ಬಲ್ಬು ಹೊತ್ತಿತು. ಸದ್ದಿಲ್ಲ. ಇನ್ನಷ್ಟು ಜೋರಾಗಿ ಒತ್ತಿದರು. ಬಲ್ಬು ಆರಿತು.

"ಕೆಟ್ಟೇತೇನೋ ಇದು?"

"ಇಲ್ರಿ. ಕಾಲು ಯಾರದಾದ್ರೂ ನಡೀತೈತಿ. ಕೈ ನಂದ ಬೇಕ್ರಿ," ಎಂದು ನೀಲಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಪರಮೇಶಪ್ಪನವರ ಮುಖ ಕಪ್ಪಿಟ್ಟಿತು. ಬಾಯಿ ತೆರೆದರು, ಬೈಗುಳ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಣ್ಣು ಕೆಳಗೆ ಹೋಯಿತು. ಚಪ್ಪಲಿಯ ಅಡಿಯಿಂದ ವಿಭೂತಿಯ ಗೆರೆ, ಎಣ್ಣೆಗುಂಕುಮದ ಬೊಟ್ಟು ಇಣುಕುತ್ತಿದ್ದವು. ಪೂಜೆ ಕಂಡ ವಸ್ತು. ಹುಟ್ಟಿದಾರಭ್ಯ ಮೈಗೆ ಹತ್ತಿದ್ದು ಮನಸ್ಸನ್ನು ಕೇಳಿ ಬರುತ್ತದೆಯೇ? ಕಾಲು ಹಿಂದೆಳೆದು, ಚಪ್ಪಲಿ ಬಿಟ್ಟು, ಬಗ್ಗಿ, ಬಲಗೈಯಿಂದ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡರು.

ಡಬ್ಬಿ ಇದ್ದದ್ದು ನೀಲಪ್ಪನ ಪಾದಗಳ ಮುಂದೆ. ಪರಮೇಶಪ್ಪನವರ ಬೆನ್ನಿನ ಮರೆಗೆ ಹಂದರದಲ್ಲಿ ಕೂತವರಿಗೆ ಡಬ್ಬಿ ಕಾಣುತ್ತಿರಲಿಲ್ಲ. ಕಂಡದ್ದು ಇಷ್ಟೆ: ಪರಮೇಶಪ್ಪನವರು ಸ್ಟೇಜು ಹತ್ತಿದರು, ಚಪ್ಪಲಿ ಬಿಟ್ಟರು, ಉಡಚನ ಮಗನ ಕಾಲಿಗೆ ಬಗ್ಗಿ ಕಣ್ಣಿಗೊತ್ತಿಕೊಂಡರು. ಯಾರೂ ನಗಲಿಲ್ಲ. ನೆಟ್ಟಗೆ ನಿಂತ ಮೇಲೆಯೇ ಅವರಿಗೆ ತಾವು ಮಾಡಿದ್ದು ಹೊಳೆಯಿತು. ಚಪ್ಪಲಿಯನ್ನು ಅಲ್ಲೇ ಬಿಟ್ಟು ಇಳಿದು ಹೋದರು.

ನೀಲಪ್ಪ ಡಬ್ಬಿಯಿಂದ ವಾಯರು ಕಿತ್ತು ನೇರ ಆಂಪ್ಲಿಫೈಯರಿಗೆ ಹಾಕಿದ. ಹಾಡುವ ಹುಡುಗಿಗೆ ಕಣ್ಣಿನಲ್ಲೇ ಸನ್ನೆ ಮಾಡಿದ. ಉಳಿದ ಹಾಡುಗಳಲ್ಲಿ ಒಂದು ಸ್ವರವೂ ಜಾರಲಿಲ್ಲ.

ಮೆಟಡೋರ್ ಹತ್ತುವಾಗ ಮಹಾಲಿಂಗಪ್ಪ ಕೆಂಡವಾಗಿದ್ದ. "ಅಷ್ಟು ದೊಡ್ಡ ಮನುಷ್ಯಾರ ಮಾನ ಕಳದಿ. ನಾಳಿಂದ ಬರಬ್ಯಾಡ ನೀ. ಡಬ್ಬಿ ಒತ್ತಾಕ ಬ್ಯಾರೆದಾವ್ರು ಸಿಗತಾರ. ಮೊದಲ ಅದರ ಮ್ಯಾಲಿನ ಕುಂಕುಮ ತಿಕ್ಕಿ ತಗೀತೇನಿ."

"ತಗೀರಿ," ಎಂದ ನೀಲಪ್ಪ.

ಮನೆಗೆ ಬಂದಾಗ ಗುತ್ತೆವ್ವ ರೊಟ್ಟಿ ಬಡಿಯುತ್ತಿದ್ದಳು. ನಡೆದದ್ದನ್ನೆಲ್ಲ ಕೇಳಿದಳು. ಕೆಲಸ ಹೋದ ಮಾತಿಗೆ ಅವಳ ಕೈ ನಿಲ್ಲಲಿಲ್ಲ.

"ಬಗ್ಗಿದ್ರ?" ಎಂದಳು.

"ಬಗ್ಗಿದ್ರು."

"ಕಣ್ಣಿಗೆ ಒತ್ತಿಕೊಂಡ್ರ?"

"ಒತ್ತಿಕೊಂಡ್ರು."

ಗುತ್ತೆವ್ವ ರೊಟ್ಟಿಯನ್ನು ಹೆಂಚಿಗೆ ಹಾಕಿ, ಕೈಯ ಹಿಟ್ಟು ಕೊಡವಿ ಮಗನ ಕಡೆ ತಿರುಗಿದಳು.

"ನಾಳೆ ಮುಂಜಾನಿ ಬಸ್ಸಿಗೆ ಶಿಗ್ಗಾಂವಿಗೆ ಹೋಗಿ ಬಾ. ಕೆಲಸ ಕೇಳಬ್ಯಾಡ. ಆ ಡಬ್ಬಿ ಮ್ಯಾಲಿನ ಕುಂಕುಮ ಒರಸಬ್ಯಾಡ್ರಿ ಅಂತ ಅಷ್ಟ ಹೇಳಿ ಬಾ."