ಮೀಸೆ ಮಣ್ಣಾದ ಪೈಲ್ವಾನರು

ವಿರಾಜಪೇಟೆಯಲ್ಲಿ ಸಣ್ಣದೊಂದು ಅಚ್ಚುಕೂಟ ಇಟ್ಟುಕೊಂಡಿದ್ದ ಸಾಹುಕಾರರು ನನ್ನನ್ನು ಕರೆಸಿ ಪೈಲ್ವಾನರ ಚಿತ್ರ ಬರೆದುಕೊಡಲು ಹೇಳಿದಾಗ, ನಾನು ಅಲ್ಲಿಯವರೆಗೆ ಒಂದೇ ಒಂದು ಕುಸ್ತಿಯನ್ನೂ ನೋಡಿರಲಿಲ್ಲ. ಅದನ್ನು ಹೇಳುವ ಬದಲು “ಎಷ್ಟು ಬೇಕು?” ಎಂದು ಕೇಳಿದೆ. ಚಿತ್ರಗಾರ ಎಂದು ನನ್ನ ಹೆಸರು ಆಗಲೇ ಊರೂರಿಗೆ ಹಬ್ಬಿತ್ತು. ಒಂದು ಸೋಡಾ ಅಂಗಡಿಯ ಹಲಗೆಗೆ ನಾನು ಬರೆದ ಹುಲಿಯನ್ನು ದೂರದಿಂದ ನೋಡಿ, ಅಲ್ಲಿ ಹಾಲು ಸಿಗುತ್ತದೆಂದು ಒಬ್ಬ ಮುದುಕ ಚೊಂಬು ಹಿಡಿದು ಬಂದಿದ್ದ.

ಸಾಹುಕಾರರ ಯೋಚನೆ ಇಷ್ಟು. ಇಸ್ಪೀಟಿನ ಕಟ್ಟು ಕಂಡರೆ ಮನೆಯ ಹಿರಿಯರು ಒಲೆಗೆ ಹಾಕುತ್ತಾರೆ. ರಾಜ ರಾಣಿಯರನ್ನು ತೆಗೆದು ಪೈಲ್ವಾನರನ್ನು ಕೂರಿಸಿದರೆ?

“ರಾಜ ರಾಣಿ ಇದ್ರೆ ಜೂಜು. ಪೈಲ್ವಾನ್ ಇದ್ರೆ ಕಸರತ್ತು. ಯಾವ ಅಪ್ಪ ಬೇಡ ಅಂತಾನೆ, ಹೇಳು ಮಾರಾಯ?” ಎಂದರು.

ನಮ್ಮಪ್ಪ ಅನ್ನುತ್ತಾರೆ ಎಂದು ನಾನು ಹೇಳಲಿಲ್ಲ. ಯಾಕೆಂದರೆ ಸಾಹುಕಾರರು ಇನ್ನೊಂದು ಮಾತನ್ನೂ ಆಡಿದ್ದರು: ಎಲೆಗಳ ಚಿತ್ರ ಹುತ್ತರಿ ಹಬ್ಬದೊಳಗೆ ಮುಗಿದು, ಅವರಿಗೆ ಒಪ್ಪಿಗೆಯಾದರೆ, ಅಚ್ಚುಕೂಟದಲ್ಲೇ ನನಗೆ ಕಾಯಂ ಕೆಲಸ. ಇದಾಗದಿದ್ದರೆ ನನ್ನ ಗತಿ ಏನೆಂಬುದು ಅಪ್ಪ ಮೊದಲೇ ಗೊತ್ತುಮಾಡಿಟ್ಟಿದ್ದರು. ಮಾಕುಟ್ಟದ ಕಾಡಿನಲ್ಲಿ ಮರದ ಕಂತ್ರಾಟುದಾರರೊಬ್ಬರಿಗೆ ಲೆಕ್ಕ ಬರೆಯುವ ರೈಟರ್ ಬೇಕಾಗಿತ್ತು. ಹಿಂದಿನ ರೈಟರ್ ಚಳಿಜ್ವರ ಹಿಡಿದು ಅರಿಶಿನದ ಕೊಂಬಿನ ಬಣ್ಣಕ್ಕೆ ತಿರುಗಿ ಊರಿಗೆ ವಾಪಸಾಗಿದ್ದ. ಅಲ್ಲಿನ ಜಿಗಣೆಗಳಿಗೆ ಹೊಸ ರೈಟರ್ ಬರುವ ಸುದ್ದಿ ಮುಟ್ಟಿದೆ ಎಂದು ನನಗೆ ಅನುಮಾನವಿತ್ತು.

“ಹುತ್ತರಿ ವರೆಗೆ ನೋಡ್ನೆ. ಆಮೇಲೆ ಮಾತಿಲ್ಲೆ, ಮಾಕುಟ್ಟಕ್ಕೆ ಹೋಕು. ಗೊತ್ತಾತಾ?” ಎಂದರು ಅಪ್ಪ.

ಗೊತ್ತಾಗಿತ್ತು. ಆ ದಿನವೇ ಜಗಲಿಯಲ್ಲಿ ಕಾಗದ ಹರಡಿ ಕೂತೆ.

ಮೊದಲು ಪ್ರತಿ ಎಲೆಯಲ್ಲೂ ಇಬ್ಬಿಬ್ಬರು ಹಿಡಿದಾಡುವ ಹಾಗೆ ಬರೆದೆ. ಇಸ್ಪೀಟಿನ ಎಲೆ ಅಂಗೈಯಷ್ಟು. ಅಷ್ಟರಲ್ಲಿ ಇಬ್ಬರು ದಪ್ಪ ಗಂಡಸರನ್ನು ತುರುಕಿದರೆ ಯಾರ ಕೈ ಎಲ್ಲಿಗೆ ಹೋಯಿತು, ಯಾರ ತೊಡೆ ಎಲ್ಲಿ ಮುಗಿಯಿತು ಎಂದು ಬರೆದವನಿಗೇ ತಿಳಿಯುವುದಿಲ್ಲ. ಸಾಹುಕಾರರು ಕನ್ನಡಕವನ್ನು ಹಣೆಗೇರಿಸಿ ಬೆರಳಿಟ್ಟು ಎಣಿಸಿದರು.

“ಇಬ್ರಿಗೂ ಸೇರಿ ಐದು ಕಾಲು ಉಂಟಲ್ಲ. ಈ ಐದನೇದು ತೀರ್ಪುಗಾರಂದಾ?”

ಆಮೇಲೆ ಎಲೆಗೊಬ್ಬನೇ ಎಂದು ತೀರ್ಮಾನವಾಯಿತು. ಅದರಲ್ಲಿ ಬೇರೆ ತೊಂದರೆ. ಎದುರಾಳಿ ಇಲ್ಲದೆ ಪಟ್ಟು ಹಾಕಿದ ಮನುಷ್ಯ ಪೈಲ್ವಾನನಂತೆ ಕಾಣುವುದಿಲ್ಲ, ಏನನ್ನೋ ಕಳೆದುಕೊಂಡವನಂತೆ ಕಾಣುತ್ತಾನೆ. ನನ್ನಜ್ಜಿ ಅಡಿಕೆ ಕತ್ತರಿಸುತ್ತ ಒಂದೊಂದನ್ನೇ ನೋಡಿದರು.

“ಇಂವ ಎಂಥ ಮಾಡ್ತೊಳ? ಹಲಸಿನ ಹಣ್ಣ್ ಹೊರ್ದಾ?”

“ಅಲ್ಲ ಅಜ್ಜಿ, ಸೊಂಟದ ಪಟ್ಟು.”

“ಇಂವ?”

“ಕುತ್ತಿಗೆ ಪಟ್ಟು.”

“ನಂಗೆ ಕೋಳಿ ಹಿಡ್ದಾಂಗೆ ಕಾಣ್ತುಟ್ಟು. ಅದ್ ಹೋಗ್ಲಿ, ಇವ್ಕೆ ಯಾರಿಗೂ ಮೈಮೇಲೆ ಬಟ್ಟೆ ಇಲ್ಲೆ ಯಾಕೆ?” ಎಂದು ಅಜ್ಜಿ ಲಂಗೋಟಿಯ ಮೇಲೆ ಒಂದೊಂದು ಅಡಿಕೆ ಹೋಳು ಇಟ್ಟು ಮರ್ಯಾದೆ ಕಾಪಾಡಿದರು.

ನಿಜವಾದ ಪೈಲ್ವಾನನನ್ನು ನೋಡದೆ ಈ ಕೆಲಸ ಸಾಗುವುದಿಲ್ಲ ಎನ್ನುವುದು ನನ್ನ ಬುದ್ಧಿಗೆ ಆಗ ಹೊಳೆಯಿತು. ಅದೃಷ್ಟಕ್ಕೆ ನಮ್ಮ ನೆಲ್ಯಹುದಿಕೇರಿಯ ಹೊಳೆಬದಿಯಲ್ಲಿದ್ದ ಇಂಗ್ಲಿಷ್ ದೊರೆಯ ಕಾಫಿ ತೋಟದಲ್ಲಿ ಪಿರಿಯಾಪಟ್ಟಣದ ಕಡೆಯ ಪೈಲ್ವಾನರೊಬ್ಬರು ರಾತ್ರಿ ಕಾವಲಿಗಿದ್ದರು. ಅವರ ಬೆನ್ನು ಇವತ್ತಿನವರೆಗೆ ಮಣ್ಣು ಮುಟ್ಟಿಲ್ಲ ಎನ್ನುವುದು ತೋಟದ ಕೂಲಿ ಲೈನಿನ ಮಕ್ಕಳಿಗೂ ಗೊತ್ತಿತ್ತು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಅಲ್ಲಿಗೆ ಸೋಲು. ಇವರು ನಿದ್ದೆಯಲ್ಲೂ ಅಂಗಾತ ಮಲಗುವುದಿಲ್ಲ ಎಂದು ಜನ ಹೇಳುತ್ತಿದ್ದರು. ಅವರು ನನಗೆ ಪಟ್ಟು ಹಾಕಿ ನಿಲ್ಲುವುದು, ಕೂಲಿಗೆ ನಮ್ಮ ಮನೆಯ ಅಕ್ಕಿರೊಟ್ಟಿ, ಮೊಟ್ಟೆ ಎಂದು ಒಪ್ಪಂದವಾಯಿತು. ಅವ್ವ ಮೊದಲ ದಿನ ನಗುತ್ತ ಬಡಿಸಿದರು. ಆಮೇಲೆ ನಗಲಿಲ್ಲ.

ಪೈಲ್ವಾನರು ಹಗಲು ಬಂದು ಅಂಗಳದಲ್ಲಿ ತೊಡೆ ತಟ್ಟಿ ನಿಲ್ಲುವರು. ರಾತ್ರಿಯೆಲ್ಲ ಕಾವಲು ಕಾದವರು, ನಿಂತಲ್ಲೇ ನಿದ್ದೆ ಹೋಗುವರು. ಹಾಗಾಗಿ ನನ್ನ ಮೊದಲ ಕೆಲವು ಪೈಲ್ವಾನರು ತೊಡೆ ತಟ್ಟುತ್ತ ಗೊರಕೆ ಹೊಡೆಯುತ್ತಿದ್ದಾರೆ. ನಾನು ಬರೆದ ಪಟ್ಟನ್ನು ನೋಡಿ ಅವರು ಒಮ್ಮೆ ಬಹಳ ಬೇಜಾರು ಮಾಡಿಕೊಂಡರು.

“ಹೊರಗ್ ನಿಂತು ನೋಡುದ್ರೆ ಪಟ್ಟು ತಿಳಿಯಕ್ಕಿಲ್ಲ ಚಿಕ್ಕ ಗೌಡ್ರೇ. ಒಳಗ್ ಬನ್ನಿ.”

ಒಳಗೆ ಹೋದೆ. ನನ್ನ ತಲೆ ಅವರ ಕಂಕುಳಲ್ಲಿತ್ತು, ಪೆನ್ಸಿಲ್ ಹಿಡಿದ ಕೈ ನನ್ನ ಬೆನ್ನ ಹಿಂದೆ ಎಲ್ಲೋ ಇತ್ತು. ಪಟ್ಟು ಚೆನ್ನಾಗಿ ತಿಳಿಯಿತು. ಆಮೇಲೆ ಎರಡು ದಿನ ನಾನು ಬರೆದ ಗೆರೆಗಳೆಲ್ಲ ಎಡಕ್ಕೆ ವಾಲಿದವು, ನನ್ನ ಕುತ್ತಿಗೆಯ ಹಾಗೆ.

ಒಬ್ಬರನ್ನೇ ನೋಡಿ ಬರೆದದ್ದರಿಂದ ಎಲೆಗಳಲ್ಲೆಲ್ಲ ಅದೇ ಮುಖ, ಅದೇ ಮುದುಡಿದ ಕಿವಿ. ಬೇರೆ ಬೇರೆ ಕಾಣಲಿ ಎಂದು ಮೀಸೆ ಬದಲಾಯಿಸುತ್ತ ಹೋದೆ. ಮೀಸೆಗಳು ಬೇಗ ಖಾಲಿಯಾದವು. ಪೋಸ್ಟ್‌ಮ್ಯಾನಿನ ಮೀಸೆ, ಶಾಲೆಯ ಮಾಸ್ತರರ ಮೀಸೆ, ಕೊನೆಗೆ ದೊರೆಯ ಮೀಸೆಯನ್ನೂ ಕದ್ದೆ. ಲಂಗೋಟಿ ಉಟ್ಟ ಮೈಗೆ ದೊರೆಯ ಮೀಸೆ ಅಂಟಿಸಿದ ಆ ಎಲೆ ತೋಟದ ಬಂಗಲೆಗೆ ತಲುಪಿದರೆ ನಾನು ಮಾಕುಟ್ಟಕ್ಕೂ ಅಲ್ಲ, ಸೀದಾ ಮಡಿಕೇರಿ ಕೋಟೆಯ ಜೈಲಿಗೆ.

ಅಂತೂ ಕಟ್ಟು ಒಂದು ರೂಪಕ್ಕೆ ಬಂತು. ಎಲೆಗಳ ಮೂಲೆಗೆ ಆಯಾ ಪೈಲ್ವಾನನ ಬಲದ ಅಂಕಿ ಬರೆದು, ದಪ್ಪ ಕಾಗದಕ್ಕೆ ಅಂಟಿಸಿ, ಅಜ್ಜಿಯ ಜೊತೆ ಚಾಪೆ ಹಾಸಿ ಆಡಲು ಕೂತೆ. ಬಟ್ಟೆಯ ಮಾತನ್ನು ಅಜ್ಜಿ ಆಗಲೇ ಮರೆತಿದ್ದರು. ನಾನು ಒಂದು ಎಲೆ ಇಟ್ಟೆ. ಅಜ್ಜಿ ಅದಕ್ಕಿಂತ ದೊಡ್ಡ ಅಂಕಿಯ ಪೈಲ್ವಾನನನ್ನು ಎತ್ತಿ ಚಾಪೆಯ ಮೇಲೆ ಚಟಾರನೆ ಬಡಿದರು. ಅಷ್ಟರಲ್ಲಿ ನಮ್ಮ ಪೈಲ್ವಾನರು ರೊಟ್ಟಿಗೆ ಬಂದವರು ಮೆಟ್ಟಿಲ ಮೇಲೆ ನಿಂತುಬಿಟ್ಟರು.

“ಅಜ್ಜಮ್ಮಾ, ನನ್ನ ಯಾಕ್ ಚಿತ್ ಮಾಡುದ್ರಿ?”

“ಎಂಥ ಚಿತ್? ನೀ ಗೆದ್ದದ್, ಮಾರಾಯ!”

“ಗೆದ್ದೋನು ಹಿಂಗ್ ಬಿದ್ದಿರ್ತಾನಾ? ನೋಡಿ. ಬೆನ್ನು ಚಾಪೆ ಮೇಲೆ, ಮುಖ ಸೂರು ನೋಡ್ತಾ ಅದೆ.”

ನಾವಿಬ್ಬರೂ ಬಗ್ಗಿ ನೋಡಿದೆವು. ಹೌದು. ಚಿತ್ರ ಮೇಲಾಗಿ ಬಿದ್ದ ಎಲೆಯೆಂದರೆ ಅಂಗಾತ ಬಿದ್ದ ಪೈಲ್ವಾನ್. ಅರ್ಧ ಗಂಟೆಯಿಂದ ಆ ಮನುಷ್ಯನನ್ನು ನಾವು ಬೇರೆ ಬೇರೆ ಮೀಸೆಗಳಲ್ಲಿ ಚಿತ್ ಮಾಡುತ್ತಲೇ ಇದ್ದೆವು. ಪೈಲ್ವಾನರು ಎಲೆಗಳನ್ನು ಬಾಚಿ ತಲೆವಸ್ತ್ರದಲ್ಲಿ ಕಟ್ಟಿಕೊಂಡು ಹೊರಟರು. ರೊಟ್ಟಿಯನ್ನೂ ತಿನ್ನಲಿಲ್ಲ. ಅಷ್ಟು ಕೋಪ.

ಹುತ್ತರಿಗೆ ಇನ್ನು ಒಂದು ವಾರವೂ ಇರಲಿಲ್ಲ. ಸಾಹುಕಾರರು ನೋಡಲು ಬರುವ ದಿನವೂ ಗೊತ್ತಾಗಿತ್ತು. ನಾನು ರೊಟ್ಟಿಯನ್ನು ಬಾಳೆಎಲೆಯಲ್ಲಿ ಸುತ್ತಿಕೊಂಡು ಲೈನಿಗೆ ಓಡಿದೆ. ಅವರು ಬಾಗಿಲಲ್ಲಿ ಕೂತಿದ್ದರು, ಗಂಟು ತೊಡೆಯ ಮೇಲಿತ್ತು.

“ಕೊಡಿ ಪೈಲ್ವಾನ್ರೇ. ನಂಗೆ ಬೇರೆ ಮುಖ ಬರೆಯೋಕೆ ಬರೋದಿಲ್ಲ.”

“ಈ ಮುಖವೂ ಬರಕ್ಕಿಲ್ಲ. ಆದ್ರೆ ನಂದು ಅಂತ ನಂಗ್ ಗೊತ್ತಲ್ಲ.”

“ಬಿದ್ದರೇನು? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಗಾದೆಯೇ ಇದೆಯಲ್ಲ” ಎಂದೆ. ಸಮಾಧಾನಕ್ಕೆಂದು ಹೇಳಿದ ಮಾತು. ಅವರ ಕಣ್ಣು ನೋಡಿ ನಾನು ರೊಟ್ಟಿಯನ್ನು ನಮ್ಮಿಬ್ಬರ ನಡುವೆ ಇಟ್ಟೆ.

“ಆ ಗಾದೆ ಮಾಡಿದೋನು ಗರಡಿ ಬಾಗ್ಲು ಕಂಡಿಲ್ಲ. ಮೀಸೆ ಮಣ್ಣಾಗಿಲ್ಲ ಅಂದ್ರೆ ಮುಖ ಮೇಲದೆ. ಮುಖ ಮೇಲದೆ ಅಂದ್ರೆ ಬೆನ್ನು ಕೆಳಗದೆ. ಬೆನ್ನು ಕೆಳಗಿದ್ರೆ?”

“ಚಿತ್.”

“ಬೋರಲು ಬಿದ್ದು ಮಣ್ಣು ಕಚ್ಚಿ ಮಲಗಿರ್ತಾನಲ್ಲ, ಅವನು ಸೋತಿಲ್ಲ. ಮೀಸೆ ಮಣ್ಣಾದ್ರೇ ಮಾನ.”

ನಾನು ಗಂಟಿನಿಂದ ಒಂದು ಎಲೆ ಎಳೆದು, ಮಗುಚಿ, ಅವರ ಮುಂದೆ ನೆಲದ ಮೇಲೆ ಬೋರಲು ಇಟ್ಟೆ. ಪೈಲ್ವಾನರು ಅದನ್ನು ಬಗ್ಗಿ ನೋಡಿದರು. ಆಮೇಲೆ ರೊಟ್ಟಿ ಮುರಿದರು. ಎಲೆಯ ಹಿಂದುಗಡೆ ನಾನು ಬರೆದಿದ್ದ ಹೂಬಳ್ಳಿಯನ್ನು ಬೆರಳಲ್ಲಿ ಕೆರೆದು ಹೇಳಿದರು:

“ಬೋರಲು ಮಲಗಿದ್ರೆ ಬೆನ್ನು ಕಾಣ್ಬೇಕು. ಇದೇನು ಸೀರೆ ಅಂಚು?”

ಹೀಗೆ ಆಟ ತಲೆಕೆಳಗಾಯಿತು. ಒಬ್ಬ ತನ್ನ ಎಲೆಯನ್ನು ಚಾಪೆಯ ಮೇಲೆ ಬೋರಲು ಇಡಬೇಕು. ಎದುರಿನವನು ತನ್ನ ಎಲೆಯನ್ನು ಕೈಯಲ್ಲಿ ನೆಟ್ಟಗೆ ಎತ್ತಿ ಹಿಡಿಯಬೇಕು, ಅದು ನಿಂತಿರುವ ಪೈಲ್ವಾನ್. ನಿಂತವನ ಅಂಕಿ ದೊಡ್ಡದಿದ್ದರೆ ಮಲಗಿದವನನ್ನು ಮಗುಚಬೇಕು, ಅವನು ಚಿತ್. ಇಲ್ಲದಿದ್ದರೆ ನಿಂತವನೇ ಅಂಗಾತ ಬೀಳುತ್ತಾನೆ. ಮಲಗಿದ ಎಲೆಯ ಅಂಕಿ ಇಟ್ಟವರಿಗೆ ಮಾತ್ರ ಗೊತ್ತು, ಯಾರದು ದೊಡ್ಡದೆಂದು ಹೇಳುವವರೂ ಅವರೇ. ಹಾಗಾಗಿ ಸುಳ್ಳು ಹೇಳಲು ಒಳ್ಳೆಯ ಅವಕಾಶ. ಅಜ್ಜಿ ಈ ಹೊಸ ಆಟದಲ್ಲಿ ಒಮ್ಮೆಯೂ ಸೋಲಲಿಲ್ಲ.

ನಾನು ಹೂಬಳ್ಳಿ ಅಳಿಸಿ ಎಲ್ಲ ಎಲೆಗಳ ಹಿಂದೆ ಒಂದೇ ತರದ ಬೆನ್ನು ಬರೆದೆ. ಬೆನ್ನು ಬರೆಯುವುದು ಸುಲಭ, ಮೀಸೆ ಇರುವುದಿಲ್ಲ. ಪೈಲ್ವಾನರು ಹೇಳಿದರೆಂದು ಮುಂದಿನ ಮುಖಗಳಲ್ಲಿ ದೊಡ್ಡ ಅಂಕಿಯವರ ಮೀಸೆಗೆಲ್ಲ ಮಣ್ಣಿನ ಚುಕ್ಕೆ ಇಟ್ಟೆ. ಚುಕ್ಕೆ ಜಾಸ್ತಿಯಾಗಿ ಮಾಸ್ತರರ ಮೀಸೆಗೆ ಇರುವೆ ಮುತ್ತಿದಂತಾಯಿತು.

ಕೊನೆಗೆ ಪೈಲ್ವಾನರು ಒಂದು ಷರತ್ತು ಹಾಕಿದರು.

“ಇವೆಲ್ಲ ನನ್ನ ಮುಖ ಇಟ್ಕೊಂಡಿರೋ ಬೇರೆಯೋರು. ಬಿದ್ರೆ ಬೀಳ್ಲಿ. ನಂದೂ ಅಂತ ಒಂದು ಎಲೆ ಬೇಕು. ಅದು ಚಿತ್ ಆಗ್ಬಾರ್ದು.”

“ಮಗುಚಿದ್ರೆ ಯಾರಾದ್ರೂ ಚಿತ್ ಆಗ್ಲೇಬೇಕಲ್ಲ?”

“ಅದು ನಿಮ್ಮ ಕೆಲ್ಸ. ನನ್ನ ಕೆಲ್ಸ ನಾನು ಇಷ್ಟು ವರ್ಷ ಮಾಡಿದ್ದೀನಿ.”

ನನ್ನ ಕೈಯಲ್ಲಿ ಚೆನ್ನಾಗಿ ಬರುತ್ತಿದ್ದದ್ದು ಆಗ ಒಂದೇ, ಬೆನ್ನು. ಅದನ್ನೇ ಆ ಎಲೆಯ ಎರಡೂ ಕಡೆ ಬರೆದೆ.

ಹುತ್ತರಿಗೆ ಎರಡು ದಿನ ಇರುವಾಗ ಸಾಹುಕಾರರು ಬಂದರು. ಅಪ್ಪ ಜಗಲಿಯ ಒಂದು ಮೂಲೆಯಲ್ಲಿ, ಪೈಲ್ವಾನರು ಮೆಟ್ಟಿಲ ಮೇಲೆ ಕೂತರು. ಮಾಕುಟ್ಟದ ಕಂತ್ರಾಟುದಾರರ ಆಳು ಉತ್ತರಕ್ಕೆಂದು ಬೆಳಗ್ಗೆಯೇ ಬಂದು ನಮ್ಮ ಕಾಫಿ ಕುಡಿಯುತ್ತಿದ್ದ. ಅವನ ಕಾಲಲ್ಲಿ ಜಿಗಣೆ ಕಚ್ಚಿದ ಗುರುತುಗಳನ್ನು ನಾನು ನೋಡಬಾರದೆಂದುಕೊಂಡು ನೋಡುತ್ತಿದ್ದೆ.

ಅಜ್ಜಿ ಎಲೆ ಹಂಚಿದರು. ಸಾಹುಕಾರರು ಚಾಪೆಯ ಮೇಲೆ ಸಾಲಾಗಿ ಬಿದ್ದಿದ್ದ ಬೆನ್ನುಗಳನ್ನು ನೋಡಿದರು.

“ಚಿತ್ರ ಎಲ್ಲಿ?”

“ಕೆಳಗಡೆ ಇದೆ ಸಾವ್ಕಾರ್ರೇ.”

ಒಂದನ್ನು ಎತ್ತಿ ನೋಡಿದರು. ಮುಖದಲ್ಲಿ ಏನೇನೋ ಬಂದು ಹೋಯಿತು.

“ಇದು ಪೋಸ್ಟ್‌ಮ್ಯಾನಾ?”

ನಾನು ಚಾಪೆಯ ಅಂಚು ಸರಿಮಾಡಿದೆ. ಅವರು ಎಲೆಯನ್ನು ಮೆಲ್ಲಗೆ ಬೋರಲು ಇಟ್ಟು, “ಹೀಗೇ ಇರ್ಲಿ” ಎಂದು ಆಟಕ್ಕೆ ಕೂತರು. ಅಜ್ಜಿ ಸುಳ್ಳಿನ ಮೇಲೆ ಸುಳ್ಳು ಹೇಳಿ ಅವರ ಪೈಲ್ವಾನರನ್ನು ಒಬ್ಬೊಬ್ಬರನ್ನಾಗಿ ಅಂಗಾತ ಕೆಡವಿದರು. ಸಾಹುಕಾರರು ಜುಬ್ಬದ ತೋಳು ಮೇಲೇರಿಸಿದರು. ಕೊನೆಗೆ ತಮ್ಮ ಕೈಯಲ್ಲಿದ್ದ ಎಲ್ಲರಿಗಿಂತ ದೊಡ್ಡ ಅಂಕಿಯನ್ನು ನೆಟ್ಟಗೆ ಎತ್ತಿ ಹಿಡಿದು ಗರ್ಜಿಸಿದರು.

“ಮಗುಚಿ ಅಜ್ಜಿ! ಈ ಸಲ ನಾನೇ ಮಗುಚ್ತೇನೆ!”

ಮಗುಚಿದರು. ಬೆನ್ನು. ಇನ್ನೊಂದು ಸಲ ಮಗುಚಿದರು. ಬೆನ್ನು.

“ಇದರ ಮುಖ ಎಲ್ಲಿ ಹೋಯ್ತು?”

“ಇಲ್ಲಿ ಅದೆ ಸ್ವಾಮಿ” ಎಂದರು ಪೈಲ್ವಾನರು ಮೆಟ್ಟಿಲ ಮೇಲಿಂದ, ಮೀಸೆ ನೀವಿಕೊಳ್ಳುತ್ತ.

ಸಾಹುಕಾರರು ಅವರನ್ನು ನೋಡಿದರು, ಎಲೆಯನ್ನು ನೋಡಿದರು. ನಗು ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಇಸ್ಪೀಟಿನಲ್ಲಿ ಜೋಕರ್ ಇಲ್ಲವೇ, ಇದೂ ಹಾಗೇ ಇರಲಿ ಎಂದರು. ಆಮೇಲೆ ಅಜ್ಜಿಯನ್ನು “ಇನ್ನೊಂದಾಟ” ಎಂದು ಕರೆದರು. ಅದರಲ್ಲೂ ಸೋತರು. ಮೂರನೆಯದಕ್ಕೆ ಎಲೆ ಹಂಚುವಾಗ ಅಪ್ಪನಿಗೆ ತಾಳ್ಮೆ ಹೋಯಿತು.

“ಸಾವ್ಕಾರ್ರೇ, ಮಾಕುಟ್ಟದಂವ ಕಾಯ್ತೊಳ. ಇಂವಂಗೆ ನಿಮ್ಮಲ್ಲಿ ಕೆಲ್ಸ ಉಟ್ಟಾ, ಇಲ್ಲೆಯಾ?”

ಸಾಹುಕಾರರು ಕೈಯಲ್ಲಿದ್ದ ಎಲೆಗಳಿಂದ ತಲೆ ಎತ್ತಲಿಲ್ಲ.

“ಉಂಟು ಗೌಡ್ರೇ. ಕಾರ್ಡ್ ಆಟಕ್ಕೆ ಚಿತ್ರ ಕಾಣದ ಹಾಗೆ ಚಿತ್ರ ಬರೆದವ್ನು ಇವ್ನೊಬ್ನೇ. ಇದು ಮಾರಾಟ ಆಗ್ತದೆ. ಹುಡ್ಗ ಬರ್ಲಿ. ಆದ್ರೆ ಚಿತ್ರದ ಕೆಲ್ಸ ಅಂತ ಯಾರಿಗೂ ಹೇಳ್ಬೇಡಿ.”

ಮಾಕುಟ್ಟದ ಆಳು ಲೋಟ ಕೆಳಗಿಟ್ಟು, ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಅಲ್ಲಿನ ಕಾಡಿಗೇ ಒಳ್ಳೆಯದಾಯಿತು ಎನ್ನುವ ಹಾಗೆ ಎದ್ದು ಹೋದ.

ಹುತ್ತರಿ ಕಳೆದ ಮೇಲೆ ತಗಡಿನ ಪೆಟ್ಟಿಗೆ ಹೊತ್ತು ವಿರಾಜಪೇಟೆಯಲ್ಲಿ ಬಸ್ಸಿಳಿದೆ. ಬಸ್ಸು ಮಾಕುಟ್ಟದ ಕಡೆ ಹೊರಟಿತು. ಅದು ತಿರುವು ದಾಟುವವರೆಗೆ ನಿಂತು ಖಾತ್ರಿ ಮಾಡಿಕೊಂಡೆ. ಅಚ್ಚುಕೂಟದಲ್ಲಿ ಸಾಹುಕಾರರು ನನಗೆ ಕುಂಚವನ್ನೂ ಕೊಡಲಿಲ್ಲ, ಪೆನ್ಸಿಲನ್ನೂ ಕೊಡಲಿಲ್ಲ. ಒಂದು ಕತ್ತರಿ ಕೊಟ್ಟು, ಎಲೆಗಳ ಮೂಲೆಗಳನ್ನು ದುಂಡಗೆ ಕತ್ತರಿಸಲು ಹೇಳಿ ಒಳಗೆ ಹೋದರು. ಸಂಜೆಯೊಳಗೆ ಒಬ್ಬ ಪೈಲ್ವಾನನ ಹೆಬ್ಬೆರಳನ್ನೂ ನನ್ನ ಹೆಬ್ಬೆರಳ ಸ್ವಲ್ಪ ಚರ್ಮವನ್ನೂ ಕತ್ತರಿಸಿದ್ದೆ.