ಉಡಿದಾರದ ತೂಕ

ಮೊನ್ನೆ ಬಳ್ಳಾರಿಯ ಒಂದು ಕ್ಲಿನಿಕ್ಕಿನಲ್ಲಿ ನರ್ಸಮ್ಮ ನನ್ನನ್ನು ತೂಕದ ಯಂತ್ರ ಹತ್ತಲು ಹೇಳಿದಳು. ಹತ್ತುವ ಮೊದಲು ಚಪ್ಪಲಿ ಬಿಟ್ಟೆ. ಬ್ಯಾಗು, ಮೊಬೈಲು ಕುರ್ಚಿಯ ಮೇಲಿಟ್ಟೆ. ಬಳೆ ತೆಗೆದೆ, ಕನ್ನಡಕ ತೆಗೆದೆ, ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಬೀಗದ ಕೈಯನ್ನೂ ಬಿಚ್ಚಿಟ್ಟೆ. ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದಳು. "ಅಮ್ಮಾರ, ಕೀಲಿಕೈಯಿಂದ ನೀವು ದಪ್ಪ ಆಗಿಲ್ರಿ, ಹತ್ರಿ" ಎಂದಳು.

ಡಾಕ್ಟರು ಚೀಟಿಯಲ್ಲಿ ಅನ್ನವನ್ನು ಹೊಡೆದುಹಾಕಿ ನವಣೆ, ಸಜ್ಜೆ ಬರೆದುಕೊಟ್ಟರು. ನಮ್ಮ ಎರೆನಾಡಿನ ಜನ ಅದನ್ನೇ ತಿಂದುಕೊಂಡು ತೆಪ್ಪಗಿದ್ದರು. ಅದು ಬಡವರ ಕೂಳು, ಅನ್ನ ಉಣ್ಣಿರಿ ಎಂದು ಅವರಿಗೆ ಕಲಿಸಲು ಎರಡು ತಲೆಮಾರು ಬೇಕಾಯಿತು. ಬಿಡಿಸಲು ಡಾಕ್ಟರಿಗೆ ಐದು ನಿಮಿಷ ಸಾಕಾಯಿತು. ನವಣೆಯ ವಿಷಯ ಹಾಗಿರಲಿ, ನನ್ನ ತಲೆ ಕೊರೆದದ್ದು ಬೇರೆ. ನನ್ನ ತೂಕ ನೋಡುವಾಗ ಬೀಗದ ಕೈಯನ್ನು ಕೂಡ ಬಿಚ್ಚಿಡುವಷ್ಟು ಪ್ರಾಮಾಣಿಕತೆ ನನ್ನಲ್ಲಿದೆಯಲ್ಲ, ಇದು ನೌಕರಿಯಲ್ಲಿದ್ದಾಗ ಎಲ್ಲಿ ಹೋಗಿತ್ತು?

ನೌಕರಿ ಯಾವುದೆಂದು ಹೇಳಲಿಲ್ಲ, ಅಲ್ಲವೆ? ನಾನು ಅಂಗನವಾಡಿಗಳ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ಸಿರುಗುಪ್ಪ ತಾಲ್ಲೂಕಿನ ಇಪ್ಪತ್ತು ಚಿಲ್ಲರೆ ಅಂಗನವಾಡಿಗಳು ನನ್ನ ಕೈಕೆಳಗಿದ್ದವು. ಊರೂರು ತಿರುಗಿ ಇನ್ನೊಬ್ಬರ ಮಕ್ಕಳ ತೂಕ ಸರಿಯಾಗಿದೆಯೇ ಎಂದು ನೋಡುವುದು ನನ್ನ ಹೊಟ್ಟೆಪಾಡಾಗಿತ್ತು. ಮಕ್ಕಳ ತೂಕ ಏರಿತೋ ಇಲ್ಲವೋ, ನನ್ನದಂತೂ ಏರಿತು.

ನಮ್ಮ ಇಲಾಖೆಯಲ್ಲಿ ಮಕ್ಕಳಿಗೆ ಮೂರೇ ಬಣ್ಣ. ವಯಸ್ಸಿಗೆ ತಕ್ಕ ತೂಕವಿದ್ದರೆ ಹಸಿರು, ಕಡಿಮೆಯಿದ್ದರೆ ಹಳದಿ, ತೀರಾ ಕಡಿಮೆಯಿದ್ದರೆ ಕೆಂಪು. ಕೆಂಪಿಗೆ ಬಂದ ಮಗುವಿಗೆ ದಿನಾ ಮೊಟ್ಟೆ, ಹೆಚ್ಚಿನ ಹಾಲು, ಡಾಕ್ಟರ ತಪಾಸಣೆ. ಬೇಕಾದರೆ ತಾಯಿಯ ಜೊತೆಗೆ ಬಳ್ಳಾರಿಯ ಪುನಶ್ಚೇತನ ಕೇಂದ್ರದಲ್ಲಿ ಎರಡು ವಾರ ಇಟ್ಟುಕೊಂಡು, ತಾಯಿಗೆ ಆ ದಿನಗಳ ಕೂಲಿ ಕೊಟ್ಟು, ಮಗುವನ್ನು ಮನುಷ್ಯರಂತೆ ಮಾಡಿ ಕಳಿಸುತ್ತಾರೆ. ಯೋಜನೆ ಬರೆದವರು ಪುಣ್ಯವಂತರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಯ ಸ್ಥಾನದಲ್ಲಿ ನಾನಿದ್ದೆ. ತಿಂಗಳ ಸಭೆಯಲ್ಲಿ ಕೆಂಪು ಮಕ್ಕಳಿರುವ ಮೇಲ್ವಿಚಾರಕಿಯರನ್ನು ಎದ್ದು ನಿಲ್ಲಿಸುತ್ತಿದ್ದರು. ಐವತ್ತು ದಾಟಿದ ಹೆಂಗಸರು ಹೋಂವರ್ಕ್ ಮಾಡದ ಹುಡುಗಿಯರ ಹಾಗೆ ಸಾಲಾಗಿ ನಿಲ್ಲುವುದು. ನನಗೆ ಮೊಣಕಾಲು ನೋವು ಬೇರೆ. ಹಾಗಾಗಿ ನನ್ನ ವಲಯದಲ್ಲಿ ಕೆಂಪು ಬರಕೂಡದೆಂದು ನಾನು ಪಣ ತೊಟ್ಟಿದ್ದೆ. ಮಕ್ಕಳು ದಪ್ಪಗಾಗಬೇಕೆಂಬುದು ಪಣದಲ್ಲಿ ಸೇರಿರಲಿಲ್ಲ.

ನಾವು ಏನೂ ಮಾಡಲಿಲ್ಲ ಎಂದುಕೊಳ್ಳಬೇಡಿ. ಪೌಷ್ಟಿಕ ಆಹಾರದ ಕಾರ್ಯಕ್ರಮ ಬಂತೆಂದರೆ ನಮ್ಮ ಸಂಭ್ರಮ ನೋಡಬೇಕಿತ್ತು. ಒಮ್ಮೆ ಕುರುಗೋಡಿನಲ್ಲಿ ಧಾನ್ಯಗಳ ರಂಗೋಲಿ ಸ್ಪರ್ಧೆ ಇಟ್ಟಿದ್ದರು. ತೊಗರಿ, ಹೆಸರು, ಕಡಲೆ, ಶೇಂಗಾ ಎಲ್ಲ ಸೇರಿಸಿ ನೆಲದ ಮೇಲೆ ತಾಯಿ ಮಗುವಿನ ಚಿತ್ರ ಬಿಡಿಸಿದ್ದೆವು. ನಿಜವಾದ ತಾಯಂದಿರು, ನಿಜವಾದ ಮಕ್ಕಳು ಹಗ್ಗದ ಆಚೆ ನಿಂತು ನೋಡಿದರು. ಒಂದು ಮಗು ಹಗ್ಗದಡಿ ಕೈಚಾಚಿ ಚಿತ್ರದ ತಾಯಿಯ ಕಿವಿಯೋಲೆಯಿಂದ ಎರಡು ಶೇಂಗಾ ಎತ್ತಿ ಬಾಯಿಗೆ ಹಾಕಿಕೊಂಡಿತು. ನಾನು ಗದರಿಸಿದೆ. ನಮಗೆ ಎರಡನೇ ಬಹುಮಾನ ಬಂತು. ಭಾಷಣ ಮುಗಿದು ಜನ ಚದುರಿದ ಮೇಲೆ ಆ ಬೀದಿಯ ಕೋಳಿಗಳು ಬಂದು ತಾಯಿಯನ್ನೂ ಮಗುವನ್ನೂ ಪೂರ್ತಿಯಾಗಿ ತಿಂದು ಹೋದವು. ನಾನು ಕಂಡಂತೆ, ಫಲಾನುಭವಿಗಳು ಹೊಟ್ಟೆತುಂಬ ಉಂಡ ಕಾರ್ಯಕ್ರಮ ಅದೊಂದೇ.

ಇನ್ನೊಮ್ಮೆ ಬಳ್ಳಾರಿಯಲ್ಲಿ ಹವಾಮಾನ ಬದಲಾವಣೆ ಮತ್ತು ಮಕ್ಕಳ ಆಹಾರದ ಬಗ್ಗೆ ತರಬೇತಿ. ಬಳ್ಳಾರಿಯವರನ್ನು ಕೂಡಿಸಿಕೊಂಡು ಬಿಸಿಲು ಹೆಚ್ಚಾಗುತ್ತಿದೆ ಎಂದು ಹೇಳಿಕೊಡಲು ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ಎಸಿ ಎಷ್ಟಿತ್ತೆಂದರೆ ಮಧ್ಯಾಹ್ನದ ಹೊತ್ತಿಗೆ ನಮಗೆಲ್ಲ ನೆಗಡಿ ಹಿಡಿಯಿತು.

ಕರೂರಿನ ಅಂಗನವಾಡಿಯ ಟೀಚರು ಹೊನ್ನೂರಬಿಗೆ ಈ ತರಬೇತಿ ಸಿಕ್ಕಿರಲಿಲ್ಲ. ಆಕೆಗೆ ವಿಷಯ ಬೇರೆ ದಾರಿಯಿಂದ ಗೊತ್ತಾಗಿತ್ತು. ಏಳೆಂಟು ವರ್ಷದ ಹಿಂದಿನ ಮಾತು. ಆ ವರ್ಷ ಮಳೆ ಬರಬೇಕಾದಾಗ ಬರಲಿಲ್ಲ. ಭತ್ತ ಕೊಯ್ಲಿಗೆ ನಿಂತಾಗ ಬಂದು ಮೂರು ದಿನ ಸುರಿದು ಪೈರನ್ನು ನೆಲಕ್ಕೆ ಮಲಗಿಸಿತು. ಹುಲ್ಲು ಕೊಳೆಯಿತು. ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬಿಡಲಿಲ್ಲ. ಶಿವರಾತ್ರಿಗೆ ಶಿವಶಿವಾ ಎಂದು ಓಡಬೇಕಾದ ಚಳಿ ಸಂಕ್ರಾಂತಿಗೇ ಗಂಟುಮೂಟೆ ಕಟ್ಟಿತ್ತು. ಗದ್ದೆ ಕೆಲಸ ಇಲ್ಲವೆಂದಮೇಲೆ ಹೆಂಗಸರು ಬೆಳಕು ಹರಿಯುವ ಮೊದಲೇ ಟ್ರ್ಯಾಕ್ಟರ್ ಹತ್ತಿ ಆಂಧ್ರದ ಗಡಿಯಾಚೆ ಮೆಣಸಿನಕಾಯಿ ಬಿಡಿಸಲು ಹೋಗತೊಡಗಿದರು. ಹಾಗೆ ಹೋಗುತ್ತಿದ್ದವಳೊಬ್ಬಳು ಈರಮ್ಮ. ಅವಳ ಎರಡು ವರ್ಷದ ಮಗಳು ಹುಲಿಗಿ ಅಜ್ಜಿಯ ಪಾಲಿಗೆ ಬಿದ್ದಳು. ಮೇವಿಲ್ಲದೆ ಎಮ್ಮೆಯನ್ನು ಮಾರಿದ್ದರು, ಹಿತ್ತಲ ಸೊಪ್ಪು ಒಣಗಿತ್ತು. ಹುಲಿಗಿಗೆ ಉಳಿದದ್ದು ಅನ್ನ ಮತ್ತು ತಿಳಿಸಾರು.

ಆ ಫೆಬ್ರವರಿಯಲ್ಲಿ ನಾನು ಕರೂರಿಗೆ ಹೋದ ದಿನ ತೂಕದ ದಿನವಾಗಿತ್ತು. ಅಜ್ಜಿ ಗಂಗಮ್ಮ ಹುಲಿಗಿಯನ್ನು ತೂಗುತಕ್ಕಡಿಯ ಜೋಳಿಗೆಯಲ್ಲಿ ಕೂಡಿಸಿದಳು. ಮಗುವಿನ ಸೊಂಟದಲ್ಲಿ ಹಳೆಯ ಕಾಲದ ದಪ್ಪ ಬೆಳ್ಳಿ ಉಡಿದಾರ, ಅದಕ್ಕೆ ಎರಡು ತಾಯಿತ, ಕಾಲಲ್ಲಿ ಕಡಗ. ಮುಳ್ಳು ತೋರಿಸಿದ ತೂಕ ಪಟ್ಟಿಯಲ್ಲಿ ಹಳದಿಗೆ ಬಂತು. ಹಳದಿಯ ಕಟ್ಟಕಡೆಯ ಗೆರೆಯಲ್ಲಿ. ಆದರೂ ಹಳದಿಯೇ ತಾನೆ?

ಹೊನ್ನೂರಬಿ ಬರೆಯಲಿಲ್ಲ. ಪೆನ್ನು ಹಿಡಿದು ನನ್ನ ಮುಖ ನೋಡಿದಳು.

"ಮೇಡಂ, ಇದು ಕೂಸಿನ ತೂಕ ಅಲ್ರಿ. ಬೆಳ್ಳಿ ಕೂಡೇತಿ. ಉಡದಾರ, ಕಡಗ ಕಳದ್ರ ಕೆಂಪಿಗೆ ಬರ್ತಾಳ್ರಿ."

"ಹಾಗಾದರೆ ಬಿಚ್ಚಿ ತೂಗು" ಎಂದೆ.

ಗಂಗಮ್ಮ ಮಗುವನ್ನು ಜೋಳಿಗೆಯಿಂದ ಎತ್ತಿ ಎದೆಗವಚಿಕೊಂಡಳು. "ಉಡದಾರ ಯಾವಾಗ ಬಿಚ್ತಾರಂತ ಗೊತ್ತೈತೇನವ್ವಾ ನಿನಗ? ಮಣ್ಣಿಗಿ ಇಡೋವಾಗ. ನನ್ನ ಮಮ್ಮಗಳು ಇನ್ನಾ ಅದಾಳ."

ನನಗೂ ಅದು ಗೊತ್ತಿತ್ತು. ನನ್ನ ಮಗನ ಉಡಿದಾರವನ್ನು ಒಂದು ದಿನಕ್ಕೂ ನಾನು ಬಿಚ್ಚಿರಲಿಲ್ಲ. ಆದರೆ ಸರ್ಕಾರಿ ಕುರ್ಚಿಯಲ್ಲಿ ಕೂತಾಗ ಮನುಷ್ಯರಿಗೆ ಗೊತ್ತಿರುವುದೆಲ್ಲ ಮರೆತುಹೋಗುತ್ತದೆ. ಜಾಣತನ ತೋರಿಸಲು ಇನ್ನೊಂದು ಮಾತು ಸೇರಿಸಿದೆ. ಅಷ್ಟು ಬೆಳ್ಳಿ ಇದ್ದರೆ ಮಾರಿ ಹಾಲು ಕುಡಿಸಬಾರದೇ ಎಂದೆ. "ಹಾಲು ತಿಂಗಳದಾಗ ಮುಗೀತೈತಿ. ಆಮ್ಯಾಲೆ ಕೂಸಿನ್ನ ಕಾಯಾಕ ಏನೈತಿ?" ಎಂದಳು ಗಂಗಮ್ಮ.

ಹೊನ್ನೂರಬಿ ನಡುವೆ ಬಂದಳು. ಅವಳು ಆಗಲೇ ದಾರಿ ಹುಡುಕಿದ್ದಳು. ಆ ಉಡಿದಾರದ ಕೊಂಡಿ ಸವೆದಾಗ ಊರಿನ ಪತ್ತಾರ ಸರಿಮಾಡಿಕೊಟ್ಟಿದ್ದನಂತೆ. ಅಕ್ಕಸಾಲಿಗ ಬೆಳ್ಳಿಯನ್ನು ತೂಗದೆ ಮುಟ್ಟುವನೇ? ಅವನಿಂದ ಉಡಿದಾರದ ತೂಕ, ಕಡಗದ ತೂಕ ಎರಡನ್ನೂ ಕೇಳಿ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು. "ಬಿಚ್ಚೋದು ಬ್ಯಾಡ್ರಿ ಮೇಡಂ. ಇಷ್ಟು ಕಳದು ಬರದ್ರ ಆತು."

ಎಷ್ಟು ಸರಳ! ಅಜ್ಜಿಯ ನಂಬಿಕೆಯೂ ಉಳಿಯುತ್ತಿತ್ತು, ಮಗುವೂ ಉಳಿಯುತ್ತಿತ್ತು. ಆದರೆ ಶನಿವಾರ ಸಿರುಗುಪ್ಪದಲ್ಲಿ ಸಭೆ. ನನ್ನ ಮೊಣಕಾಲು ನೆನಪಾಯಿತು.

"ತೂಕ ತುಂಬುವ ಮೊಬೈಲಿನಲ್ಲಿ ಕಳೆಯುವುದಕ್ಕೆ ಜಾಗ ಇದೆಯಾ?" ಎಂದೆ.

"ಇಲ್ರಿ."

"ರಿಜಿಸ್ಟರಿನಲ್ಲಿ ಕಾಲಂ ಇದೆಯಾ?"

"ಇಲ್ರಿ."

"ಹಾಗಾದರೆ ಯಂತ್ರ ತೋರಿಸಿದ್ದನ್ನು ಬರಿ."

ಅಷ್ಟಕ್ಕೇ ಬಿಡಲಿಲ್ಲ. ಭೇಟಿ ಪುಸ್ತಕದಲ್ಲಿ ನನ್ನ ದುಂಡು ಅಕ್ಷರದಲ್ಲಿ ಬರೆದೆ: ಯಂತ್ರವು ತೋರಿಸಿದ ತೂಕವನ್ನೇ ದಾಖಲಿಸತಕ್ಕದ್ದು, ಕಾರ್ಯಕರ್ತೆಯರು ಆಭರಣ ಇತ್ಯಾದಿಗಳ ತೂಕವನ್ನು ಸ್ವಂತವಾಗಿ ಕಳೆಯತಕ್ಕದ್ದಲ್ಲ. ಬರೆದ ಮೇಲೆ ವಾಕ್ಯ ನನಗೇ ಬಹಳ ಹಿಡಿಸಿತು. ಊರಿಗೆ ಹೋಗಿ ಟೈಪ್ ಮಾಡಿಸಿ, ಸಹಿ ಹಾಕಿ, ವಲಯದ ಎಲ್ಲ ಅಂಗನವಾಡಿಗಳಿಗೂ ಹಂಚಿದೆ. ಹಚ್ಚೊಳ್ಳಿ ಕಡೆಯ ಮೇಲ್ವಿಚಾರಕಿ ಕೂಡ ಒಂದು ಪ್ರತಿ ಕೇಳಿ ಪಡೆದಳು. ಆ ಶನಿವಾರ ಸಭೆಯಲ್ಲಿ ಕೂತೇ ಇದ್ದೆ.

ಎರಡು ತಿಂಗಳು ಹುಲಿಗಿ ಹಳದಿಯಲ್ಲೇ ಇದ್ದಳು. ಮೈ ಇಳಿಯುತ್ತಿತ್ತು, ಅಜ್ಜಿ ದರ್ಗಾಕ್ಕೆ ಹೋಗಿ ಇನ್ನೊಂದು ತಾಯಿತ ಕಟ್ಟಿಸಿದಳು, ತೂಕ ಸರಿಹೋಯಿತು. ಏಪ್ರಿಲ್ ಬಿಸಿಲಿಗೆ ಭೇದಿ ಹಿಡಿದಾಗ ಹೊನ್ನೂರಬಿ ಕೇಂದ್ರಕ್ಕೆ ಬೀಗ ಹಾಕಿ, ಮಗುವನ್ನೂ ಅಜ್ಜಿಯನ್ನೂ ಬಸ್ಸಿಗೆ ಹತ್ತಿಸಿಕೊಂಡು, ಯಾವ ಶಿಫಾರಸು ಪತ್ರವೂ ಇಲ್ಲದೆ ಬಳ್ಳಾರಿಗೆ ಓಡಿದಳು. ಅಲ್ಲಿನ ಡಾಕ್ಟರಮ್ಮ ಮಗುವಿನ ತೋಳಿಗೆ ಟೇಪು ಸುತ್ತಿ ನೋಡಿ, ಆ ಕ್ಷಣವೇ ಒಳಗೆ ಮಲಗಿಸಿದರಂತೆ. ಮಗುವಿನ ತೂಕದ ಕಾರ್ಡು ನೋಡಿ, "ಇದನ್ನ ಹಳದಿ ಅಂತ ಬರೆದ ಕುರುಡರು ಯಾರ್ರೀ?" ಎಂದು ಕೇಳಿದರಂತೆ. ಹೊನ್ನೂರಬಿ ಹೆಸರು ಹೇಳಲಿಲ್ಲ. ಕಾರ್ಡಿನ ಕೆಳಗೆ ನನ್ನ ಸಹಿ ಇತ್ತು.

ಹುಲಿಗಿ ಬದುಕಿದಳು. ಮೂರು ದಿನ ಯಾರೂ ಆ ಮಾತನ್ನು ಧೈರ್ಯವಾಗಿ ಹೇಳುವ ಹಾಗಿರಲಿಲ್ಲ, ನಾಲ್ಕನೆಯ ದಿನ ಕಣ್ಣುಬಿಟ್ಟು ಹಾಲು ಕೇಳಿದಳು. ಆಮೇಲೆ ನಡೆದದ್ದನ್ನು ಕೇಳಿ. ಸಕಾಲಕ್ಕೆ ಮಗುವನ್ನು ಕಳಿಸಿ ಉಳಿಸಿದ್ದಕ್ಕೆ, ವಲಯ ನನ್ನದೆಂಬ ಕಾರಣಕ್ಕೆ, ನನಗೆ ಪ್ರಶಂಸಾ ಪತ್ರ ಬಂತು. ರಜೆ ಪಡೆಯದೆ ಕೇಂದ್ರ ಮುಚ್ಚಿದ್ದಕ್ಕೆ ಹೊನ್ನೂರಬಿಗೆ ನೋಟಿಸ್ ಹೋಯಿತು. ಕೊಟ್ಟವಳು ನಾನೇ. ನೋಟಿಸ್ ತೆಗೆದುಕೊಂಡು ಅವಳು ಕೇಳಿದ್ದು ಒಂದೇ ಮಾತು: "ಕೂಸು ಅದಾಳಲ್ರಿ ಮೇಡಂ, ಇದಕ್ಕೇನು ಉತ್ತರ ಬರೀಲಿ?" ನನಗೆ ನಾಚಿಕೆಯಾಯಿತು. ಆದರೂ ಪ್ರಶಂಸಾ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದೆ. ನಾಚಿಕೆಯನ್ನು ನೇತುಹಾಕಲು ಮೊಳೆ ಇರಲಿಲ್ಲ.

ಕ್ಲಿನಿಕ್ಕಿನಿಂದ ಬಂದ ಮರುದಿನ ಬೆಳಿಗ್ಗೆಯೇ ಸಿರುಗುಪ್ಪದ ಬಸ್ಸು ಹತ್ತಿದೆ. ಏಕೆಂದು ಮನೆಯಲ್ಲಿ ಕೇಳಿದರೆ ವಾಕಿಂಗ್ ಎಂದೆ. ತೆಕ್ಕಲಕೋಟೆ ದಾಟಿದ ಮೇಲೆ ಕಿಟಕಿಯ ಆಚೆ ಗದ್ದೆಗಳು ಈ ಸಲವೂ ಬಿರುಕುಬಿಟ್ಟು ಬಿದ್ದಿದ್ದವು. ಹಿಂದಿನ ಸೀಟಿನ ಗಂಡಸರು ಕಾಲುವೆಗೆ ನೀರು ಬಿಡುವ ದಿನದ ಬಗ್ಗೆ ತೆಲುಗಿನಲ್ಲಿ ಒಂದಿಷ್ಟು, ಕನ್ನಡದಲ್ಲಿ ಒಂದಿಷ್ಟು ಬಯ್ಯುತ್ತಿದ್ದರು.

ಕರೂರಿನಲ್ಲಿ ಅದು ತೂಕದ ದಿನವೇ. ಹೊನ್ನೂರಬಿಯ ತಲೆ ಪೂರ್ತಿ ಬೆಳ್ಳಗಾಗಿತ್ತು. "ಬರ್ರಿ ಮೇಡಂ, ಕುಂದರ್ರಿ" ಎಂದು ನಿನ್ನೆ ಬಿಟ್ಟುಹೋದವಳನ್ನು ಕರೆದ ಹಾಗೆ ಕರೆದಳು. ಹುಲಿಗಿ ಈಗ ನಾಲ್ಕನೇ ಇಯತ್ತೆಯಂತೆ, ಲೆಕ್ಕದಲ್ಲಿ ಚುರುಕಂತೆ. ಹೊಸ ಮೇಲ್ವಿಚಾರಕಿ ಕೂಡ ಬಂದಿದ್ದಳು, ಚೂಟಿಯಾದ ಹುಡುಗಿ. ಯಂತ್ರದ ಮೇಲೆ ಒಂದು ಗಂಡುಮಗುವನ್ನು ಕೂಡಿಸಿದ್ದರು. ಪಕ್ಕೆಲುಬು ದೂರದಿಂದಲೇ ಎಣಿಸಬಹುದಿತ್ತು. ಸೊಂಟದಲ್ಲಿ ಬೆಳ್ಳಿ ಉಡಿದಾರ. ಹುಡುಗಿ ಮೊಬೈಲಿನಲ್ಲಿ ತೂಕ ಒತ್ತಿ, ಹಳದಿ ಎಂದಳು.

"ಉಡಿದಾರ ಕಳೆದರೇನಮ್ಮ?" ಎಂದೆ.

"ಕಳೆಯಂಗಿಲ್ರಿ ಮೇಡಂ, ಆರ್ಡರ್ ಐತ್ರಿ. ನಮ್ಮ ತಾಲ್ಲೂಕಿನಾಗ ಎಲ್ಲಾರೂ ಹಂಗ ಮಾಡ್ತಾರ್ರಿ" ಎಂದು ಗೋಡೆ ತೋರಿಸಿದಳು. ಗೋಡೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಹಾಳೆ. ನನ್ನ ವಾಕ್ಯ, ನನ್ನ ಸಹಿ.

ನಾನು ಒಂದು ಮಗುವಿಗೆ ಅನ್ಯಾಯ ಮಾಡಿ ಮರೆತಿದ್ದೇನೆ ಎಂದುಕೊಂಡಿದ್ದೆ. ನಾನು ಮನೆಯಲ್ಲಿ ಪಿಂಚಣಿ ತಿನ್ನುತ್ತ ಕೂತಿದ್ದಾಗಲೂ ನನ್ನ ಕಾಗದ ಊರೂರಿನಲ್ಲಿ ದುಡಿಯುತ್ತಿತ್ತು. ಎಷ್ಟು ಮಕ್ಕಳೋ, ಹೇಳುವವರು ಯಾರು?

ಭೇಟಿ ಪುಸ್ತಕ ಕೇಳಿದೆ. ಹುಡುಗಿ ತಡವರಿಸಿದಳು. "ರಿಟೈರ್ ಆದೋರು ಬರಿಯಂಗಿಲ್ರಿ ಮೇಡಂ. ನಾ ಆಫೀಸಿನಾಗ ಏನು ಹೇಳ್ಲಿ?"

"ಒಬ್ಬ ಮುದುಕಿ ಬಂದು ಗಲಾಟೆ ಮಾಡಿದಳು ಅಂತ ಹೇಳವ್ವ."

ಹೊನ್ನೂರಬಿ ಪುಸ್ತಕ ತಂದು ನನ್ನ ಮುಂದಿಟ್ಟಳು. ಬರೆದೆ: ಆಭರಣದ ತೂಕ ಕಳೆಯಬಾರದೆಂದು ನಾನು ಕೊಟ್ಟ ಸೂಚನೆ ತಪ್ಪು. ಸಭೆಯಲ್ಲಿ ಎದ್ದು ನಿಲ್ಲುವುದನ್ನು ತಪ್ಪಿಸಿಕೊಳ್ಳಲು ಅದನ್ನು ಬರೆದೆ. ಅದರಿಂದ ಹುಲಿಗಿ ಎಂಬ ಮಗು ಸಾಯುವುದರಲ್ಲಿತ್ತು. ಈ ಊರಿನ ಟೀಚರು ಆವತ್ತು ಹೇಳಿದ್ದೇ ಸರಿ.

ಹುಡುಗಿ ಎರಡು ಸಲ ಓದಿದಳು. ಹೊನ್ನೂರಬಿಯೂ ಓದಿದಳು. "ತಾರೀಕು ಹಾಕ್ರಿ ಮೇಡಂ" ಎಂದಳು. ಹಾಕಿದೆ.

ಆಮೇಲೆ ಅವಳು ಬೇಳೆ ಡಬ್ಬಿಯ ಹಿಂದಿನಿಂದ ಒಂದು ಸಣ್ಣ ನೋಟುಬುಕ್ಕು ತೆಗೆದಳು. ಅದರಲ್ಲಿ ಊರಿನ ಒಂದೊಂದು ಮಗುವಿನ ಹೆಸರು, ಎದುರಿಗೆ ಉಡಿದಾರದ ತೂಕ, ಕಡಗದ ತೂಕ. ಇಷ್ಟು ವರ್ಷವೂ ಪತ್ತಾರನ ಹತ್ತಿರ ಹೋಗಿ ಕೇಳಿ ಬರೆದಿಟ್ಟಿದ್ದಳು. ಯಾರೂ ಕೇಳದಿದ್ದರೂ ಬರೆದಿಟ್ಟಿದ್ದಳು. "ಎಂದರ ಒಂದಿನ ಬೇಕಾದೀತಂತ ಇಟ್ಟಿದ್ದೆರಿ" ಎಂದಳು, ತಾನೇ ತಪ್ಪು ಮಾಡಿದವಳ ಹಾಗೆ.

ಹುಡುಗಿ ನೋಟುಬುಕ್ಕನ್ನು ತನ್ನ ಕಡೆಗೆ ಎಳೆದುಕೊಂಡಳು. ಹೆಸರು ಹುಡುಕಿದಳು, ಬೆರಳಿನಲ್ಲಿ ಲೆಕ್ಕ ಹಾಕಿದಳು, ಮೊಬೈಲಿನಲ್ಲಿ ಒತ್ತಿದ್ದನ್ನು ಅಳಿಸಿ ಹೊಸದಾಗಿ ಒತ್ತಿದಳು. ಪರದೆ ಕೆಂಪಾಯಿತು.

"ಇವರವ್ವನ್ನ ಕರಸ್ರಿ," ಎಂದಳು ಹೊನ್ನೂರಬಿಗೆ, "ನಾಳೆ ಬಳ್ಳಾರಿಗಿ ಹೋಗಾಕ ತಯಾರಾಗ್ಲಿ."

ನನ್ನ ಅಷ್ಟು ವರ್ಷದ ನೌಕರಿಯಲ್ಲಿ, ಒಂದು ಮಗು ಕೆಂಪಿಗೆ ಬಂದದ್ದಕ್ಕೆ ಕಣ್ಣೀರು ಬರುವಷ್ಟು ಸಂತೋಷವಾದದ್ದು ನೌಕರಿ ಮುಗಿದ ಮೇಲೆ.