ಉಪಗ್ರಹದ ತಾಪಮಾನ ತೋರಿಸಿದ ಗಾಳಿ

ನಿವೃತ್ತಿಗೆ ಕೆಲವೇ ವರ್ಷಗಳಿದ್ದಾಗ ನಾನು ಕಾರವಾರದ ಹವಾಮಾನ ಕಚೇರಿಯಲ್ಲಿ ಮುನ್ಸೂಚನೆಯ ಹೊಣೆ ಹೊತ್ತಿದ್ದೆ. ಹುಟ್ಟಿ ಬೆಳೆದದ್ದು ಅಂಕೋಲೆಯ ಶೆಟಗೇರಿಯಲ್ಲಿ, ಬೇಸಾಯದ ಮನೆಯಲ್ಲಿ. ಹಾಗಾಗಿ ಈ ಕರಾವಳಿಯ ಮಳೆ ನನಗೆ ಬರೀ ಅಂಕಿಸಂಖ್ಯೆಯಾಗಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುತ್ತ ಬಂದಿತ್ತು, ಕಾಳಿ ನದಿಯ ಕದ್ರಾ ಅಣೆಕಟ್ಟು ಬಹುತೇಕ ತುಂಬಿತ್ತು. ಅಷ್ಟರಲ್ಲಿ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಕಾಣಿಸಿಕೊಂಡಿತು. ಅದು ಪಶ್ಚಿಮಕ್ಕೆ ಹೋದರೆ ನಮಗೆ ಚಿಂತೆಯಿಲ್ಲ. ನಮ್ಮತ್ತ ತಿರುಗಿದರೆ ಘಟ್ಟದ ಮಳೆಯೆಲ್ಲ ಕದ್ರಾಕ್ಕೆ ಬಂದು, ಒಮ್ಮೆಲೇ ಗೇಟು ತೆರೆಯಬೇಕಾಗುತ್ತಿತ್ತು. ಸಮುದ್ರದ ಉಬ್ಬರವೂ ಸೇರಿದರೆ ಕಾಳಿ ದಂಡೆಯ ಕಿನ್ನರದಂಥ ಊರುಗಳಿಗೆ ನೀರು ನುಗ್ಗುವುದು ಖಚಿತ.

ಕುಸಿತದ ದಾರಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೇಲ್ಪದರದ ಗಾಳಿ. ನೆಲದ ಮೇಲಾದರೆ ಬಲೂನು ಹಾರಿಸಿ ಅದನ್ನು ಅಳೆಯುತ್ತೇವೆ. ನಡುಸಮುದ್ರದಲ್ಲಿ ಬಲೂನು ಹಾರಿಸುವವರು ಯಾರು? ಕಂಪ್ಯೂಟರ್ ಮಾದರಿಗಳೋ ಒಂದೊಂದು ಒಂದೊಂದು ದಾರಿ ತೋರಿಸುತ್ತಿದ್ದವು.

ನಾನು ಉಪಗ್ರಹದ ಮೈಕ್ರೋವೇವ್ ಸೌಂಡರ್ ಕಳಿಸಿದ ತಾಪಮಾನದ ಮಾಹಿತಿ ಹಿಡಿದು ಕುಳಿತೆ. ದಟ್ಟ ಮೋಡವಿದ್ದರೂ ವಾತಾವರಣದ ಯಾವ ಪದರ ಎಷ್ಟು ಬೆಚ್ಚಗಿದೆ ಎಂದು ಈ ಉಪಕರಣ ಹೇಳಬಲ್ಲದು. ಒಂದು ಕಡೆ ಬೆಚ್ಚಗೆ, ಪಕ್ಕದಲ್ಲಿ ತಂಪು ಇದ್ದರೆ ಎತ್ತರ ಹೆಚ್ಚಿದಂತೆ ಗಾಳಿಯ ವೇಗ, ದಿಕ್ಕು ಬದಲಾಗುತ್ತವೆ. ಈ ಬದಲಾವಣೆಗೆ ಥರ್ಮಲ್ ವಿಂಡ್ ಎನ್ನುತ್ತೇವೆ. ಕೆಳಗಿನ ಗಾಳಿ ಹಡಗುಗಳ ವರದಿಯಲ್ಲಿ ಸಿಕ್ಕಿತ್ತು. ಅದಕ್ಕೆ ಪದರದಿಂದ ಪದರಕ್ಕೆ ಈ ಬದಲಾವಣೆಯನ್ನು ಕೂಡಿಸುತ್ತ ಹೋದೆ. ವಾಯವ್ಯದಲ್ಲಿ ತಂಪು ಗಾಳಿ ಇಳಿದಿತ್ತು, ಮೇಲೆ ನೈಋತ್ಯದ ಗಾಳಿ ಬಲವಾಗುತ್ತಿತ್ತು. ಅಂದರೆ ಆ ಗಾಳಿ ತಳ್ಳಿದಂತೆ ಕುಸಿತ ನಮ್ಮತ್ತಲೇ ಬರಲಿತ್ತು. ಮತ್ತೊಮ್ಮೆ ಲೆಕ್ಕ ಹಾಕಿದೆ. ಉತ್ತರ ಬದಲಾಗಲಿಲ್ಲ.

ಕದ್ರಾದ ಎಂಜಿನಿಯರ್ ನಾಯ್ಕರಿಗೆ ಫೋನ್ ಮಾಡಿ, ಇವತ್ತಿನಿಂದಲೇ ಸ್ವಲ್ಪ ಸ್ವಲ್ಪ ನೀರು ಬಿಡಿ ಎಂದೆ.

"ಮೇಡಂ, ನೀರು ಬಿಟ್ಟ ಮೇಲೆ ಮಳೆ ಬರದೇ ಹೋದ್ರೆ? ಬೇಸಿಗೆಯಲ್ಲಿ ಕರೆಂಟಿಗೆ ನೀರೆಲ್ಲಿ ಅಂತ ನನ್ನನ್ನೇ ಕೇಳ್ತಾರೆ."

"ನಾನು ಹೇಳಿದ್ದು ಅಂತ ಹೇಳಿ. ಉತ್ತರ ನಾನು ಕೊಡ್ತೇನೆ" ಎಂದೆ. 

ಹಗಲಲ್ಲೇ ಗೇಟು ತೆರೆದರು. ದಂಡೆಯ ಜನ ದನಕರು, ದೋಣಿಗಳನ್ನು ಮೇಲಕ್ಕೆ ಸಾಗಿಸಿಕೊಂಡರು. ಮರುದಿನವೂ ಬಿಸಿಲು ಚೆನ್ನಾಗಿಯೇ ಇತ್ತು. ನಾನು ಉಪಗ್ರಹದ ಹೊಸ ಮಾಹಿತಿ ಬಂದಾಗಲೆಲ್ಲ ಮತ್ತೆ ಮತ್ತೆ ನೋಡುತ್ತಿದ್ದೆ. ಅದರಾಚೆಯ ದಿನ ಕುಸಿತ ತಿರುಗಿತು. ಘಟ್ಟದಲ್ಲಿ ಮಳೆ ಹೊಡೆದದ್ದೇ ಹೊಡೆದದ್ದು. ಅಣೆಕಟ್ಟಿನಲ್ಲಿ ಜಾಗವಿತ್ತು, ಕಾಳಿ ಕೆಂಪಗೆ ಉಬ್ಬಿದರೂ ದಂಡೆ ಮೀರಲಿಲ್ಲ.

ಮಳೆ ನಿಂತ ಮೇಲೆ ಕಿನ್ನರಕ್ಕೆ ಹೋದೆ. ಅಂಗಳದಲ್ಲಿ ಭತ್ತ ಹರಡುತ್ತಿದ್ದ ಹೆಂಗಸೊಬ್ಬಳು, "ಬಾಯೋರೇ, ಮಳೆ ಬರೂಕೆ ಮುಂಚೆ ನೀರು ಬಿಟ್ಟದ್ದು ಚಲೋ ಆಯ್ತು. ಮನೆಯೊಳಗೆ ಒಂದು ಹನಿ ಬರ್ಲಿಲ್ಲ" ಎಂದಳು. ನೀರು ಬಿಡಲು ಹೇಳಿದವಳು ನಾನೇ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಆದರೆ ವಾಪಸು ಬರುವಾಗ ಜೀಪಿನಲ್ಲಿ ತಲೆಯೆತ್ತಿ ಕೂತಿದ್ದೆ.

ಲೆಕ್ಕ ಸರಿ ಬಂದರೆ ಅರ್ಧ ಕೆಲಸ ಮುಗಿದಂತೆ. ಆಕಾಶ ತಿಳಿಯಾಗಿರುವಾಗಲೇ ಅದನ್ನು ಗಟ್ಟಿಯಾಗಿ ಹೇಳುವುದು ಉಳಿದರ್ಧ ಎಂದು ನನ್ನ ವೃತ್ತಿ ಕಲಿಸಿತು.